ಅವಧಿ ಯಾರ ಕೈಯಲ್ಲಿದೆ?

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮ ಗಮನ ಕಥೆ, ಕಾವ್ಯ, ಆತ್ಮಕಥನಗಳತ್ತ ಹೋಗುತ್ತದೆ. ಸಂವಿಧಾನವನ್ನೂ ಅದರ ತಿದ್ದುಪಡಿಗಳನ್ನೂ ಪಠ್ಯಗಳೆಂದು ಓದುವ ಕೆಲಸ ನಮ್ಮಲ್ಲಿ ಕಡಿಮೆ. ಇಲ್ಲಿ ನಾನು ಒಂದೇ ಒಂದು ಪದವನ್ನು ಓದಲು ಹೊರಟಿದ್ದೇನೆ: ‘ಅವಧಿ’. ಶಾಸಕ ಎಷ್ಟು ವರ್ಷ ಕೂರಬೇಕು, ಜನ ಎಷ್ಟು ವರ್ಷಕ್ಕೊಮ್ಮೆ ಓಟು ಹಾಕಬೇಕು ಎಂಬುದು ಮೇಲುನೋಟಕ್ಕೆ ಆಡಳಿತದ ಲೆಕ್ಕಾಚಾರ. ಓಟೊಂದನ್ನು ಬಿಟ್ಟು ಬೇರೆ ಆಸ್ತಿಯಿಲ್ಲದವರಿಗೆ ಅದು ಅಧಿಕಾರದ ಪ್ರಶ್ನೆ. “ಪದೇ ಪದೇ ಎಲೆಕ್ಷನ್ನು ಯಾಕೆ? ದುಡ್ಡು ದಂಡ” ಅನ್ನೋ ಮಾತನ್ನು ಪೇಟೆಯ ಹೋಟೆಲುಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕೇರಿಯಲ್ಲಿ ಕೇಳಿದ್ದು ಬೇರೆ: “ಓಟಿನ ವರ್ಷ ಬಂದ್ರೆ ಒಂದು ಮೋರಿನಾದ್ರೂ ಆಗ್ತದೆ.”

ಅವಧಿಯನ್ನು ಹಿಗ್ಗಿಸಿಕೊಂಡವರ ಚರಿತ್ರೆ ಹಳೆಯದು. 1715ರಲ್ಲಿ ಮೂರು ವರ್ಷಕ್ಕೆಂದು ಆಯ್ಕೆಯಾದ ಬ್ರಿಟನ್ನಿನ ಪಾರ್ಲಿಮೆಂಟು ಮರುವರ್ಷವೇ ದಂಗೆಯ ಭಯ ಹೇಳಿ, ತಾನೇ ಕಾನೂನು ಮಾಡಿ, ಅದನ್ನು ಏಳು ವರ್ಷ ಮಾಡಿಕೊಂಡಿತು. ಅದು ಐದಕ್ಕೆ ಇಳಿದದ್ದು 1911ರಲ್ಲಿ. ಈ ನಡುವೆ, 1838ರಲ್ಲಿ, ಅಲ್ಲಿನ ಕೂಲಿಕಾರರ ಚಾರ್ಟಿಸ್ಟ್ ಚಳವಳಿ ಆರು ಬೇಡಿಕೆಗಳ ಸನ್ನದನ್ನು ಹೊರಡಿಸಿತು. ವಯಸ್ಕ ಗಂಡಸರಿಗೆಲ್ಲ ಓಟು, ಗುಪ್ತ ಮತದಾನ, ಸದಸ್ಯರಿಗೆ ಸಂಬಳ, ಸಮಾನ ಕ್ಷೇತ್ರಗಳು, ಆಸ್ತಿಯ ಅರ್ಹತೆಯ ರದ್ದತಿ — ಈ ಐದೂ ಕಾಲಕ್ರಮದಲ್ಲಿ ದಕ್ಕಿದವು. ಆರನೆಯದು ಪ್ರತಿ ವರ್ಷ ಚುನಾವಣೆ. ಅದು ಇವತ್ತಿಗೂ ದಕ್ಕಲಿಲ್ಲ. ಆಳುವವರು ಓಟನ್ನಾದರೂ ಹಂಚಿಯಾರು, ಕಾಲವನ್ನು ಹಂಚಲಾರರು.

ನಮ್ಮಲ್ಲಿ ಈ ಕಾಲದ ಬೆಲೆ ತೆತ್ತವರು ಯಾರು? 1932ರ ಪೂನಾ ಒಪ್ಪಂದದಲ್ಲಿ ಕೇಂದ್ರ ಶಾಸನಸಭೆಯ ಸಾಮಾನ್ಯ ಸ್ಥಾನಗಳಲ್ಲಿ ಶೇ. 18ರಷ್ಟನ್ನು ಅಸ್ಪೃಶ್ಯರಿಗೆ ಮೀಸಲಿಡುವ ಮಾತಾಗಿತ್ತು. ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಟ್ಟು ಪಡೆದ ಮಾತು ಅದು. ಆದರೆ 1935ರ ಕಾಯಿದೆಯ ಒಕ್ಕೂಟ ಭಾಗ ಜಾರಿಗೆ ಬರಲೇ ಇಲ್ಲ. ಮೂರು ವರ್ಷದ ಅವಧಿಗೆಂದು 1934ರಲ್ಲಿ ಆರಿಸಿಬಂದ ಹಳೆಯ ಸಭೆಯೇ, ಯುದ್ಧವೂ ಸೇರಿ, 1945ರವರೆಗೆ ಕೂತಿತು. ಹೀಗಾಗಿ ಕೇಂದ್ರದಲ್ಲಿ ಮೀಸಲು ಸ್ಥಾನಗಳೊಂದಿಗೆ ಮೊದಲ ನೇರ ಚುನಾವಣೆ ನಡೆದದ್ದು 1951–52ರಲ್ಲಿ. ಪೂನಾ ಒಪ್ಪಂದದ ಬಗ್ಗೆ ನಾವು ಬರೆದದ್ದು ಬಹಳ. ಆ ಮಾತು ಇಪ್ಪತ್ತು ವರ್ಷ ಬಾಗಿಲಾಚೆ ನಿಂತಿದ್ದ ಬಗ್ಗೆ ಬರೆದದ್ದು ಕಮ್ಮಿ.

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಬಾಬಾಸಾಹೇಬರು ಸ್ಥಿರತೆ ಮತ್ತು ಹೊಣೆಗಾರಿಕೆ ಎಂಬ ಎರಡು ಗುಣಗಳನ್ನು ತೂಗಿ ನೋಡಿದರು. ಎರಡೂ ಸಮನಾಗಿ ಸಿಗುವ ವ್ಯವಸ್ಥೆ ಇನ್ನೂ ಬಂದಿಲ್ಲ, ಆದ್ದರಿಂದ ಕರಡು ಹೊಣೆಗಾರಿಕೆಗೇ ಹೆಚ್ಚು ಒಲಿದಿದೆ ಎಂಬುದು ಅವರ ವಾದದ ತಿರುಳು. ಸರ್ಕಾರದ ಪರೀಕ್ಷೆ ಎರಡು ಬಗೆಯದು ಎಂದರು. ಪ್ರಶ್ನೆ, ನಿರ್ಣಯ, ಅವಿಶ್ವಾಸಗಳ ಮೂಲಕ ಸದನದಲ್ಲಿ ನಡೆಯುವುದು ದಿನನಿತ್ಯದ ಪರೀಕ್ಷೆ. ಚುನಾವಣೆಯಲ್ಲಿ ಜನ ನಡೆಸುವುದು ಅವಧಿಯ ಪರೀಕ್ಷೆ.

ದಿನನಿತ್ಯದ ಪರೀಕ್ಷೆಯಲ್ಲಿ ಕೇರಿಯ ಪರವಾಗಿ ಪ್ರಶ್ನೆ ಕೇಳಬೇಕಾದವನು ಮೀಸಲು ಕ್ಷೇತ್ರದ ಸದಸ್ಯ. ಜಂಟಿ ಮತಕ್ಷೇತ್ರದಲ್ಲಿ ಅವನನ್ನು ಗೆಲ್ಲಿಸುವ ಓಟುಗಳಲ್ಲಿ ಹೆಚ್ಚಿನವು ಕೇರಿಯ ಹೊರಗಿನವು. ಟಿಕೇಟು ಪಕ್ಷದ್ದು. 1985ರ ಪಕ್ಷಾಂತರ ನಿಷೇಧದ ನಂತರ ಸದನದೊಳಗಿನ ಅವನ ಕೈಯನ್ನು ಎತ್ತಿಸುವುದೂ ಪಕ್ಷದ ವಿಪ್ಪೇ. ಅಂದಮೇಲೆ ದಲಿತರ ಕೈಗೆ ನೇರವಾಗಿ ಉಳಿಯುವುದು ಅವಧಿಯ ಪರೀಕ್ಷೆಯೊಂದೇ. ಅದನ್ನು ಮುಂದೂಡಿದರೆ ಬೇರೆಯವರು ಕಳೆದುಕೊಳ್ಳುವುದು ಎರಡರಲ್ಲಿ ಒಂದು, ನಾವು ಕಳೆದುಕೊಳ್ಳುವುದು ಇರುವ ಒಂದನ್ನು.

ಮುಂದೂಡಿದ್ದೂ ಆಯಿತು. 1971ರ ಲೋಕಸಭೆ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ತನ್ನ ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಿತು. ಸಾಲದೆಂಬಂತೆ 42ನೇ ತಿದ್ದುಪಡಿ ಐದು ವರ್ಷವನ್ನು ಆರಕ್ಕೇರಿಸಿತು. 1977ರಲ್ಲಿ ಜನ ಉತ್ತರ ಕೊಟ್ಟರು. 1978ರ 44ನೇ ತಿದ್ದುಪಡಿ ಮತ್ತೆ ಐದಕ್ಕೆ ತಂದಿತು. ಬ್ರಿಟನ್ನಿನಲ್ಲಿ ಇನ್ನೂರು ವರ್ಷ ಹಿಡಿದದ್ದು ಇಲ್ಲಿ ಎರಡೇ ವರ್ಷದಲ್ಲಿ ಆಯಿತು ಎಂಬುದನ್ನು ಮರೆಯಬಾರದು.

ನಮ್ಮ ರಾಜ್ಯದ ಚರಿತ್ರೆಯಲ್ಲೇ ಇನ್ನೊಂದು ಪಾಠವಿದೆ. 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಆಗ ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ 224ರಲ್ಲಿ 139 ಸ್ಥಾನಗಳನ್ನು ಜನತಾ ಪಕ್ಷಕ್ಕೆ ಕೊಟ್ಟರು. ದಿಲ್ಲಿಗೆ ಬೇರೆ, ಬೆಂಗಳೂರಿಗೆ ಬೇರೆ ತೀರ್ಪು ಕೊಡುವ ಬುದ್ಧಿ ಓದುಬರಹ ಬಾರದವರಿಗೂ ಇತ್ತು. ಎರಡೂ ಓಟು ಒಂದೇ ದಿನ, ಒಂದೇ ಅಲೆಯಲ್ಲಿ ಬಿದ್ದಿದ್ದರೆ ಈ ವಿವೇಕ ಕಾಣಿಸಿಕೊಳ್ಳುತ್ತಿತ್ತೇ?

2024ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ 129ನೇ ತಿದ್ದುಪಡಿ ಮಸೂದೆ ಲೋಕಸಭೆ, ವಿಧಾನಸಭೆಗಳ ಚುನಾವಣೆಯನ್ನು ಒಟ್ಟಿಗೆ ತರಲು ಹೊರಟಿತು. ಅದು ಜಂಟಿ ಸಮಿತಿಗೆ ಹೋಯಿತು. ಸದನ ನಡುವೆ ಬಿದ್ದರೆ ಹೊಸ ಸದನಕ್ಕೆ ಸಿಗುವುದು ಉಳಿದ ಅವಧಿ ಮಾತ್ರ. ಖರ್ಚು ಉಳಿಯುತ್ತದೆ, ನೀತಿಸಂಹಿತೆಯಿಂದ ಕೆಲಸ ನಿಲ್ಲುವುದು ತಪ್ಪುತ್ತದೆ ಎನ್ನುತ್ತಾರೆ. ಈ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಡೆಯುತ್ತಿರುವ ಕಾಮಗಾರಿಯನ್ನು ನೀತಿಸಂಹಿತೆ ನಿಲ್ಲಿಸುವುದಿಲ್ಲ, ಅದು ತಡೆಯುವುದು ಹೊಸ ಘೋಷಣೆಗಳನ್ನು. ಖರ್ಚು ತಗ್ಗಿಸಬೇಕೆಂದರೆ ಪಕ್ಷಗಳ ಖರ್ಚಿಗೆ ಕಾನೂನಿನ ಮಿತಿ ಹಾಕಲಿ. ಅಭ್ಯರ್ಥಿಗೆ ಮಿತಿಯಿದೆ, ಪಕ್ಷಕ್ಕಿಲ್ಲ.

ಇದೇ ಕಾಲದಲ್ಲಿ ನಮ್ಮ ಕಣ್ಣೆದುರೇ ಇನ್ನೊಂದು ನಡೆಯಿತು. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು 1992ರ 73ನೇ ತಿದ್ದುಪಡಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎನ್ನುತ್ತ ಮುಂದಿನ ಮೂರು ವರ್ಷವೂ ಚುನಾವಣೆ ಆಗಲಿಲ್ಲ. ದಲಿತ ಹೆಣ್ಣುಮಗಳೊಬ್ಬಳು ಅಧ್ಯಕ್ಷೆಯಾಗಿ ಕೂರಬಹುದಾದ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು. ಪದೇ ಪದೇ ಚುನಾವಣೆ ಎಂದು ಗೊಣಗುವವರು ಈ ಆಗದ ಚುನಾವಣೆಯ ಬಗ್ಗೆ ತುಟಿ ಬಿಚ್ಚಿದ್ದು ಅಪರೂಪ.

ಶಾಸನಸಭೆಗಳಲ್ಲಿ ನಮ್ಮ ಮೀಸಲು ಸ್ಥಾನಗಳಿಗೂ ಒಂದು ಅವಧಿಯಿದೆ. ಮೊದಲು ಹತ್ತು ವರ್ಷ. ಆಮೇಲೆ ಹತ್ತು ಹತ್ತಾಗಿ ಬೆಳೆದು, 2019ರ ಡಿಸೆಂಬರಿನಲ್ಲಿ ಪಾಸಾದ ತಿದ್ದುಪಡಿಯಿಂದ ಅದು 2030ರ ಜನವರಿವರೆಗೆ ನಿಂತಿದೆ. ನಮ್ಮ ಅವಧಿಗೆ ಪ್ರತಿ ಸಲವೂ ಪಾರ್ಲಿಮೆಂಟಿನ ಅಪ್ಪಣೆ ಬೇಕು. ಅವರ ಅವಧಿಯನ್ನು ಅವರೇ ಎಳೆಯಬಲ್ಲರು, ಜೋಡಿಸಬಲ್ಲರು.

ಆದ್ದರಿಂದ ಸುಧಾರಣೆ ಬೇಡವೆನ್ನುವುದು ನಮ್ಮ ನಿಲುವಾಗಬಾರದು. ಕೂತಿರುವ ಸದನ ತನ್ನದೇ ಅವಧಿಯನ್ನು ಮುಟ್ಟಕೂಡದು. ಕೆಳಗಿನ ಸಂಸ್ಥೆಗಳ ಚುನಾವಣೆ ತಪ್ಪಿಸುವ ಸರ್ಕಾರಕ್ಕೆ ಶಿಕ್ಷೆಯಿರಬೇಕು. ಮೊದಲು ಈ ಎರಡು ಕೇಳೋಣ. ಐದು ವರ್ಷಕ್ಕೊಮ್ಮೆಯಾದರೂ ಕೈಮುಗಿದು ಬರುವವನನ್ನು ಇನ್ನಷ್ಟು ತಡವಾಗಿ ಬಾ ಅನ್ನೋದಕ್ಕೆ ಕೇರಿಗೇನು ಗರಜು?