ಅಂಚೆಯಿಂದ ಫೋನಿನವರೆಗೆ: ಕದ್ದಾಲಿಕೆಯ ಕತೆ

ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗುತ್ತದೆ. ಕಡೂರಿನಿಂದ ಬಂದ ಹಳಿ ಒಂದು ಕಡೆ ತರೀಕೆರೆ, ಭದ್ರಾವತಿಗೆ. ಇನ್ನೊಂದು ಕಡೆ ಅಜ್ಜಂಪುರಕ್ಕೆ. ಹಳಿಯ ಪಕ್ಕದಲ್ಲೇ ತಂತಿ ಕಂಬಗಳಿದ್ದವು. ದನ ಬಿಟ್ಟುಕೊಂಡು ಹೋದಾಗ ಆ ಕಂಬಕ್ಕೆ ಕಿವಿ ಒತ್ತಿ ನಿಲ್ತಿದ್ವಿ. ಗುಂಯ್ ಅನ್ನೋದು. ಬೆಂಗಳೂರಿನ ದೊಡ್ಡ ಮಂದಿ ಮಾತಾಡೋದು ಕೇಳಿಸ್ತದೆ ಅಂತ ನಂಬಿದ್ದೆವು. ಅದು ಬರೀ ಗಾಳಿ. ನಮ್ಮ ಮಾತು ಅವರಿಗೆ ಕೇಳಿಸ್ತಿತ್ತು, ಅವರದು ನಮಗೆ ಕೇಳಿಸ್ತಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ನಮ್ಮ ಊರಲ್ಲಿ ಆಗ ಫೋನು ಇದ್ದದ್ದು ಎರಡೇ ಕಡೆ. ಒಂದು ಪೋಸ್ಟಾಫೀಸು, ಇನ್ನೊಂದು ಗೌಡರ ಮನೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರ ವಿಚಾರವಾಗಿ ತಾಲ್ಲೂಕು ಕಚೇರಿಗೆ ತಿಳಿಸಬೇಕೆಂದು ನಮ್ಮ ದೊಡ್ಡಪ್ಪ ಒಂದು ದಿನ ಪೋಸ್ಟಾಫೀಸಿಗೆ ಹೋದ. ನಂಬರು ಹೇಳಿ, ಲೈನು ಸಿಗೋ ತನಕ ಹೊರಗೆ ಕೂತು, ಕೊನೆಗೆ ಎಲ್ಲರ ಎದುರು ಕೂಗಿ ಮಾತಾಡಿ ಬಂದ. ಅವನು ಕೇರಿಗೆ ವಾಪಸು ಬರುವುದರೊಳಗೆ ಗೌಡರ ಆಳು ಬಂದು ನಿಂತಿದ್ದ. 'ಏನ್ಲಾ, ಫೋನ್ ಮಾಡಿದ್ಯಂತೆ?' ಎರಡು ದಿನ ಬಿಟ್ಟು ಪೊಲೀಸರು ಬಂದರು. ಗೌಡರ ಜಗಲಿಯಲ್ಲಿ ಕಾಫಿ ಕುಡಿದು ಹೋದರು. ಜಿಲ್ಲೆಯ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದಾತ ಗೌಡರ ನೆಂಟನೇ ಆಗಿದ್ದರಿಂದ ಪೇಪರಿನಲ್ಲಿ ಏನೂ ಬರಲಿಲ್ಲ. ಪ್ರಭುತ್ವ, ಪೊಲೀಸು, ಪತ್ರಿಕೆ ಅಂತ ಮೂರು ದೊಡ್ಡ ಪದ ನಾನು ಕಾಲೇಜಿನಲ್ಲಿ ಕಲಿತೆ. ಆದರೆ ಅವು ಮೂರೂ ಒಂದೇ ಜಗಲಿಯ ಮೇಲೆ ಕೂತದ್ದನ್ನು ಅದಕ್ಕೂ ಮೊದಲೇ ನೋಡಿದ್ದೆ.

ಇದು ಹೊಸ ರೋಗವಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಅಂಚೆ ಕಟ್ಟಿದರು ಅಂತ ಶಾಲೆಯಲ್ಲಿ ಹೆಮ್ಮೆಯಿಂದ ಪಾಠ ಮಾಡ್ತೀವಿ. ಮೇಷ್ಟರುಗಳು ಇದರ ಇನ್ನರ್ಧವನ್ನೂ ಹೇಳಬೇಕು. ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ 1810ರಲ್ಲೇ ಇದನ್ನು ದಾಖಲಿಸಿದ್ದಾನೆ. ಅವನ ಪ್ರಕಾರ ಆ ಅಂಚೆ ಸುದ್ದಿ ಮುಟ್ಟಿಸಲಿಕ್ಕೆ ಮಾತ್ರ ಇದ್ದದ್ದಲ್ಲ, ಸುದ್ದಿ ಕದಿಯಲಿಕ್ಕೂ ಇತ್ತು. ಅಂಚೆಯ ಅಧಿಕಾರಿಗಳು ಆಸ್ಥಾನದ ನಂಬಿಕೆಯ ಏಜೆಂಟರು, ಕೆಳಗಿನ ನೌಕರರು ಬೇಹುಗಾರರು. ತಮ್ಮ ಸೀಮೆಯಲ್ಲಿ ಯಾರು ಗುಟ್ಟಾಗಿ ಏನು ಮಾಡಿದರು ಅಂತ ತಪ್ಪದೆ ವರದಿ ಒಪ್ಪಿಸಬೇಕಿತ್ತು. ಹೈದರನ ಕಾಲಕ್ಕೆ ಈ ಯಂತ್ರ ಪೂರ್ತಿ ಪಳಗಿತು ಅನ್ನುತ್ತಾನೆ ವಿಲ್ಕ್ಸ್. ಆತ ಕಂಪನಿಯ ಮನುಷ್ಯ. ಹೈದರ, ಟಿಪ್ಪುವಿನ ಬಗ್ಗೆ ಅವನ ಮಾತನ್ನು ಸೋಸಿಯೇ ಕುಡಿಯಬೇಕು. ಆದರೆ ಬ್ರಿಟಿಷರೇನು ಕಾಗದ ಒಡೆಯುವುದನ್ನು ಬಿಟ್ಟರೇ? 1885ರ ತಂತಿ ಕಾನೂನಿನಲ್ಲಿ, 1898ರ ಅಂಚೆ ಕಾನೂನಿನಲ್ಲಿ ಅದಕ್ಕೆ ಸೆಕ್ಷನ್ನು ಬರೆದುಕೊಂಡರು. ರಾಜ ಕಾನೂನಿಲ್ಲದೆ ಮಾಡಿದ್ದನ್ನು ಇವರು ಕಾನೂನು ಮಾಡಿಕೊಂಡು ಮಾಡಿದರು. ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿತು.

ನಮ್ಮವರ ಮಟ್ಟಿಗೆ ಕಾಗದ ಒಡೆಯಲು ಬೇಹುಗಾರನೂ ಬೇಕಿರಲಿಲ್ಲ. ಅಕ್ಷರವನ್ನೇ ಕಿತ್ತುಕೊಂಡಿದ್ದರಲ್ಲ. ಮಿಲ್ಟ್ರಿಗೆ ಹೋದ ಮಗನ ಕಾಗದ, ಭದ್ರಾವತಿಯ ಕಾರ್ಖಾನೆಗೆ ಹೋದ ತಮ್ಮನ ಕಾಗದ, ಎಲ್ಲವನ್ನೂ ಶಾನುಭೋಗನೋ ಮೇಷ್ಟರೋ ಓದಿ ಹೇಳಬೇಕಿತ್ತು. ಮಗ ಎಷ್ಟು ದುಡ್ಡು ಕಳಿಸಿದ, ಯಾವ ಸಾಲ ತೀರಿಸಲು ಹೇಳಿದ ಅನ್ನೋದು ಅವ್ವನಿಗಿಂತ ಮೊದಲು ಸಾಲ ಕೊಟ್ಟವನಿಗೆ ಗೊತ್ತಾಗೋದು. ಖಾಸಗಿ ಬದುಕಿನ ಹಕ್ಕಿನ ಚರಿತ್ರೆ ಬರೆಯುವವರು ಇದನ್ನು ಯಾಕೋ ಲೆಕ್ಕಕ್ಕೇ ಹಿಡಿದಿಲ್ಲ.

ಪತ್ರಿಕೆಗಳ ಬಗ್ಗೆಯೂ ಒಂದು ಮಾತು. 1908ರಲ್ಲಿ, ನಮ್ಮ ಜಿಲ್ಲೆಗೆ ಇನ್ನೂ ಕಡೂರು ಜಿಲ್ಲೆ ಅಂತಲೇ ಹೆಸರಿದ್ದಾಗ, ದಿವಾನ್ ಮಾಧವರಾಯರ ಸರ್ಕಾರ ಪತ್ರಿಕೆ ಹೊರಡಿಸಲು ಅಪ್ಪಣೆ ಬೇಕೆಂಬ ಕಾನೂನು ತಂದಿತು. ಎಂ. ವೆಂಕಟಕೃಷ್ಣಯ್ಯನವರು, ಜನ ತಾತಯ್ಯ ಅಂತಿದ್ದರು, ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಧಿಕಾರಕ್ಕೆ ಎದುರು ನಿಂತ ಪತ್ರಿಕೆ ನಮ್ಮಲ್ಲಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಬೂಸಾದ ಮಾತನ್ನು ಹಿಡಿದು ಕಿಚ್ಚು ಹಚ್ಚಿದ್ದರಲ್ಲೂ ಪತ್ರಿಕೆಗಳಿದ್ದವು. ಆ ಕಿಚ್ಚಿನಲ್ಲಿ ಅವರ ಮಂತ್ರಿ ಪದವಿ ಹೋಯಿತು.

ಈಗ 1988ಕ್ಕೆ ಬರೋಣ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಮೌಲ್ಯಾಧಾರಿತ ರಾಜಕಾರಣ ಅನ್ನೋ ಮಾತು ಪತ್ರಿಕೆಗಳಿಗೆ ಪ್ರಿಯವಾಗಿದ್ದ ಕಾಲ. ಹೆಗಡೆಯವರ ಮೊದಲ ಸರ್ಕಾರ ಇದ್ದಾಗಲೇ ಶಾಸಕರೊಬ್ಬರು ಒಂದು ಟೇಪು ತಂದು, ಕಾಂಗ್ರೆಸ್ಸಿನ ವೀರಪ್ಪ ಮೊಯ್ಲಿ ಪಕ್ಷಾಂತರಕ್ಕೆ ದುಡ್ಡಿನ ಆಸೆ ತೋರಿಸಿದರು ಅಂದಿದ್ದರು. ಮೊಯ್ಲಿ ಅಲ್ಲಗಳೆದರು. ಟೇಪಿನ ರುಚಿ ಆಗಲೇ ಹತ್ತಿತ್ತು. 1988ರಲ್ಲಿ ಜನತಾ ಪಕ್ಷದ ಒಳಜಗಳ ಬೀದಿಗೆ ಬಂದಾಗ ಅಜಿತ್ ಸಿಂಗ್ ಮತ್ತು ದೇವೇಗೌಡರ ಫೋನ್ ಮಾತುಕತೆ ಪತ್ರಿಕೆಯಲ್ಲಿ ಅಚ್ಚಾಯಿತು. ಕದ್ದು ಕೇಳಿದವರು ಯಾರು, ಪತ್ರಿಕೆಗೆ ಕೊಟ್ಟವರು ಯಾರು? ಆಮೇಲೆ ರಾಜ್ಯದ ಪೊಲೀಸರು ಐವತ್ತರಷ್ಟು ಜನರ ಫೋನು ಕೇಳುತ್ತಿದ್ದರೆಂಬ ಪಟ್ಟಿ ಹೊರಬಿತ್ತು. ಅದರಲ್ಲಿ ಹೆಗಡೆಯವರ ಸ್ವಂತ ಪಕ್ಷದವರೂ ಇದ್ದರು. ಆಗಸ್ಟ್ 10ರಂದು ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೇಳುವ ಕಿವಿ ರಾಜ್ಯದ ಪೊಲೀಸರದು, ಆದರೆ ತಂತಿ ದಿಲ್ಲಿಯದು. ಆಗ ಟೆಲಿಫೋನು ಕೇಂದ್ರದ ಇಲಾಖೆ. ಆ ಇಲಾಖೆ ಕೈ ಜೋಡಿಸದೆ ಬೆಂಗಳೂರಿನ ಪೊಲೀಸು ಏನೂ ಕೇಳುವಂತಿರಲಿಲ್ಲ. ಹೆಗಡೆಯನ್ನು ಬಯ್ದ ಕಾಂಗ್ರೆಸ್ಸು ಸಾಚಾ ಅಲ್ಲ. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರವೇ ಕಾಗದ ಒಡೆಯುವ ಅಧಿಕಾರವನ್ನು ಹಿಗ್ಗಿಸುವ ಅಂಚೆ ಮಸೂದೆಯನ್ನು ಪಾಸು ಮಾಡಿಸಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡರು, ಅಷ್ಟೆ. ಹೆಗಡೆ ಕೊನೆಗೆ ಕುರ್ಚಿಯನ್ನಾದರೂ ಬಿಟ್ಟರು, ಆ ಮಾತನ್ನು ಕೊಡಲೇಬೇಕು. 1989ರ ಕೊನೆಗೆ ದಿಲ್ಲಿಯ ಯೋಜನಾ ಆಯೋಗದ ಉಪಾಧ್ಯಕ್ಷರಾದರು ಅನ್ನೋದನ್ನೂ ಸೇರಿಸಿಯೇ ಹೇಳಬೇಕು. 1991ರಲ್ಲಿ ಚಂದ್ರಶೇಖರರ ಸರ್ಕಾರ ಬಿದ್ದದ್ದೂ ರಾಜೀವ್ ಗಾಂಧಿಯ ಮನೆ ಮುಂದೆ ಹರಿಯಾಣದ ಇಬ್ಬರು ಪೇದೆಗಳು ಸಿಕ್ಕಿಬಿದ್ದ ಕಾರಣಕ್ಕೆ. ದೊಡ್ಡವರ ಮನೆ ಮುಂದೆ ಇಬ್ಬರು ಪೇದೆ ನಿಂತರೆ ಸರ್ಕಾರ ಬೀಳುತ್ತದೆ. ನಮ್ಮ ಕೇರಿಯ ಮುಂದೆ ವ್ಯಾನೇ ನಿಂತರೂ ಏನೂ ಬೀಳುವುದಿಲ್ಲ.

1996ರಲ್ಲಿ ಪಿಯುಸಿಎಲ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಫೋನು ಕೇಳಕೂಡದು, ಆದೇಶಕ್ಕೆ ಎರಡು ತಿಂಗಳ ಗಡುವು, ಎಷ್ಟು ಹಿಗ್ಗಿಸಿದರೂ ಆರು ತಿಂಗಳು, ಮೇಲೆ ಪರಿಶೀಲನಾ ಸಮಿತಿ. ಆ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ತೀರ್ಪು ಬಂದು ಎರಡು ವರ್ಷಕ್ಕೆ, 2019ರ ಆಗಸ್ಟಿನಲ್ಲಿ, ಬೆಂಗಳೂರಿನ ಪೊಲೀಸ್ ಕಮಿಷನರ ಫೋನ್ ಮಾತೇ ಟಿವಿಯಲ್ಲಿ ಬಂತು. ಮತ್ತೆ ಅದೇ ದಾರಿ: ಪೊಲೀಸಿನ ಕಿವಿಯಿಂದ ಟಿವಿಯ ಬಾಯಿಗೆ. ಕುಮಾರಸ್ವಾಮಿ ಸರ್ಕಾರದ ಕಾಲದಲ್ಲಿ ಫೋನು ಕದ್ದಾಲಿಸಿದರೆಂದು ಆರೋಪ, ಅವರಿಂದ ನಿರಾಕರಣೆ, ಯಡಿಯೂರಪ್ಪನವರಿಂದ ಸಿಬಿಐ ತನಿಖೆ, ಕೊನೆಗೆ ಬಿ ರಿಪೋರ್ಟ್. ಬಿ ರಿಪೋರ್ಟ್ ಅಂದರೆ ಏನು ಅಂತ ಅಟ್ರಾಸಿಟಿ ಕೇಸು ಹಾಕಿದ ಯಾವ ಕೇರಿಯವರನ್ನು ಬೇಕಾದರೂ ಕೇಳಿ, ಹೇಳ್ತಾರೆ.

ಪತ್ರಿಕೆಯವರೇ ಕದ್ದು ಕೇಳಿದ್ದು ಲಂಡನ್ನಿನಲ್ಲಿ. ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆ 2002ರಲ್ಲಿ ಕಾಣೆಯಾದ 13 ವರ್ಷದ ಹುಡುಗಿಯ ಫೋನಿಗೆ ಬಂದ ಸಂದೇಶಗಳನ್ನೂ ಬಿಡಲಿಲ್ಲ. 2011ರಲ್ಲಿ ಅದು ಬಯಲಾದಾಗ 168 ವರ್ಷದ ಪತ್ರಿಕೆ ಮುಚ್ಚಿತು, ಲಂಡನ್ ಪೊಲೀಸಿನ ಮುಖ್ಯಸ್ಥ ರಾಜೀನಾಮೆ ಕೊಟ್ಟ, ಪ್ರಧಾನಿಯ ಬಳಿ ಕೆಲಸಕ್ಕಿದ್ದ ಅದರ ಹಳೆಯ ಸಂಪಾದಕ 2014ರಲ್ಲಿ ಜೈಲಿಗೆ ಹೋದ. ಅಲ್ಲೂ ಒಂದೇ ಜಗಲಿ, ಕಾಫಿಯ ಬದಲು ವೈನು.

ಈಗ ತಂತಿಯೂ ಬೇಡ. 2019ರಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಯಂತ್ರದ ಗುರಿಯಾಗಿದ್ದೀರಿ ಅಂತ ಎಚ್ಚರಿಕೆ ಬಂದವರಲ್ಲಿ ದಲಿತ ಚಿಂತಕ ಆನಂದ ತೇಲ್ತುಂಬ್ಡೆ ಒಬ್ಬರು. 2020ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿಯ ದಿನವೇ ಅವರನ್ನು ಬಂಧಿಸಿದರು. 2021ರಲ್ಲಿ ಹೊರಬಂದ ಪಟ್ಟಿಯಲ್ಲಿ, 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳುವ ಹೊತ್ತಿಗೆ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರ ನಂಬರೂ ಇದೆಯೆಂದು ವರದಿಯಾಯಿತು. ಸುಪ್ರೀಂ ಕೋರ್ಟಿನ ಸಮಿತಿ 29 ಫೋನು ಪರೀಕ್ಷೆ ಮಾಡಿ ಐದರಲ್ಲಿ ಏನೋ ಕುತಂತ್ರಾಂಶ ಇದೆ, ಪೆಗಾಸಸ್ಸೇ ಅಂತ ಹೇಳಲಾಗದು, ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಅಂದಿತು. 2023ರಲ್ಲಿ ತಂತಿಗೂ ಅಂಚೆಗೂ ಹೊಸ ಕಾನೂನು ಬಂದವು. ಕದ್ದು ಕೇಳುವ, ಕಾಗದ ಒಡೆಯುವ ಅಧಿಕಾರ ಎರಡರಲ್ಲೂ ಹಾಗೇ ಉಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಪರಮೇಶ್ವರ್ ಗೃಹ ಮಂತ್ರಿಯಾದರು. ಫೋನು ಕೇಳಲು ಅಪ್ಪಣೆ ಕೊಡುವ ಫೈಲಿಗೆ ಸಹಿ ಬೀಳುವುದು ಆ ಇಲಾಖೆಯಲ್ಲೇ.