ರಸ್ತೆಬದಿ ನೆರವು

ರಸ್ತೆಬದಿ ನೆರವು: ವಾಹನ ದಾರಿಯಲ್ಲಿ ಕೆಟ್ಟುನಿಂತರೆ ಇದ್ದಲ್ಲಿಗೇ ಮೆಕ್ಯಾನಿಕ್ಕನ್ನು ಕಳಿಸುವ, ಅಲ್ಲಿ ಸರಿಹೋಗದಿದ್ದರೆ ಗ್ಯಾರೇಜಿಗೆ ಎಳೆದೊಯ್ಯುವ, ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಪಡೆಯುವ ಸೇವೆ. ಷೋರೂಮು ಮತ್ತು ವಿಮಾ ಏಜೆಂಟರ ಬಾಯಲ್ಲಿ ಇದು ಆರ್‌ಎಸ್‌ಎ. ಭಾರತದಲ್ಲಿ ಇದು ಕಡ್ಡಾಯವಲ್ಲ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಹಾಗಾಗಿ ಇದಕ್ಕೆ ಹಣ ಕೊಡಬೇಕೆ ಬೇಡವೆ ಎಂಬುದನ್ನು ಪಾಲಿಸಿ ನವೀಕರಿಸುವಾಗಲೆಲ್ಲ ವಾಹನದ ಮಾಲೀಕರೇ ತೀರ್ಮಾನಿಸಬೇಕು.

ಈ ಸೇವೆ ಹುಟ್ಟಿದ್ದು ವಿಮಾ ಕಂಪನಿಗಳಲ್ಲಿ ಅಲ್ಲ, ವಾಹನ ಮಾಲೀಕರ ಸಂಘಗಳಲ್ಲಿ. ಅಮೆರಿಕದ ಟ್ರಿಪಲ್ ಎ 1902ರಲ್ಲಿ ಷಿಕಾಗೋದಲ್ಲಿ ಆರಂಭವಾಯಿತು. ಜರ್ಮನಿಯ ಎಡಿಎಸಿ 1903ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಮೋಟಾರ್ ಸೈಕಲ್ ಸವಾರರ ಸಂಘವಾಗಿ ಮೊದಲಾಯಿತು. ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಸ್ಥಾಪನೆಯಾದಾಗ ಅದರ ಉದ್ದೇಶ ವಾಹನ ರಿಪೇರಿಯಾಗಿರಲಿಲ್ಲ. ವೇಗಮಿತಿ ಮೀರುವವರನ್ನು ಹಿಡಿಯಲು ಪೊಲೀಸರು ಎಲ್ಲಿ ಕಾದಿದ್ದಾರೆಂದು ಸದಸ್ಯರಿಗೆ ಮುನ್ಸೂಚನೆ ಕೊಡುವುದಾಗಿತ್ತು. ದಾರಿಯಲ್ಲಿ ನಿಂತ ವಾಹನಕ್ಕೆ ನೆರವಾಗುವ ಕೆಲಸ ಆಮೇಲೆ ಬಂದು ಸೇರಿಕೊಂಡಿತು. ಭಾರತದಲ್ಲಿ ಇಂಥ ಹಳೆಯ ಸಂಘಗಳಲ್ಲಿ ಒಂದಾದ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಮುಂಬಯಿಯಲ್ಲಿ 1919ರಲ್ಲಿ ಶುರುವಾಯಿತು. ಇಂದು ನಮ್ಮಲ್ಲಿ ಬಹುಪಾಲು ಜನರಿಗೆ ಈ ಸೇವೆ ಸಿಗುವುದು ವಾಹನ ತಯಾರಕರ ಮೂಲಕ ಅಥವಾ ವಿಮಾ ಪಾಲಿಸಿಯ ಆಡ್-ಆನ್ ಆಗಿ.

ವಿಮೆಗೂ ಇದಕ್ಕೂ ಇರುವ ಅಂತರ ಎಷ್ಟೋ ಜನರಿಗೆ ತಿಳಿಯುವುದು ಗಾಡಿ ನಿಂತ ಮೇಲೆ. ‘ಫುಲ್ ಇನ್ಶೂರೆನ್ಸ್’ ಎಂದು ಕರೆಯುವ ಸಮಗ್ರ ಪಾಲಿಸಿ ಅಪಘಾತ, ಕಳವು, ಬೆಂಕಿ, ಪ್ರವಾಹದ ನಷ್ಟವನ್ನು ತುಂಬಿಕೊಡುತ್ತದೆ. ಯಂತ್ರ ಅಥವಾ ವಿದ್ಯುತ್ ಭಾಗ ತಾನಾಗಿ ಕೆಡುವುದನ್ನೂ ಸವೆತವನ್ನೂ ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಕ್ಲಚ್ ಸುಟ್ಟು ಗಾಡಿ ನಿಂತರೆ ಆ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅಪಘಾತವಾದಾಗ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸುವ ವೆಚ್ಚ ಪಾಲಿಸಿಯಲ್ಲಿ ಸೇರಿದೆ ನಿಜ. ಆದರೆ ದೀರ್ಘಕಾಲದಿಂದ ಬಳಕೆಯಲ್ಲಿರುವ ಪಾಲಿಸಿ ನಮೂನೆಯಲ್ಲಿ ಅದರ ಮಿತಿ ಕಾರಿಗೆ ₹1,500, ದ್ವಿಚಕ್ರ ವಾಹನಕ್ಕೆ ₹300. ಘಾಟಿಯ ನಡುವಿನಿಂದ ಪಟ್ಟಣದವರೆಗೆ ಕಾರನ್ನು ತರಲು ಈ ಹಣ ಯಾವ ಮೂಲೆಗೂ ಸಾಲದು.

ಪಂಚರ್ ಹಾಕುವುದು ಅಥವಾ ಸ್ಟೆಪ್ನಿ ಬದಲಿಸುವುದು, ಡೌನ್ ಆದ ಬ್ಯಾಟರಿಗೆ ಜಂಪ್ ಸ್ಟಾರ್ಟ್, ಕೀಲಿ ಒಳಗೇ ಉಳಿದರೆ ಬಾಗಿಲು ತೆರೆಸುವುದು, ಇಂಧನ ತಂದುಕೊಡುವುದು, ಸಣ್ಣಪುಟ್ಟ ರಿಪೇರಿ, ಟೋಯಿಂಗ್ ಇವು ಸೇವೆಯ ಸಾಮಾನ್ಯ ಅಂಗಗಳು. ಬಿಡಿಭಾಗದ ಬೆಲೆಯನ್ನೂ ಇಂಧನದ ಬೆಲೆಯನ್ನೂ ಸಾಮಾನ್ಯವಾಗಿ ಮಾಲೀಕರೇ ಕೊಡಬೇಕು. ಷರತ್ತುಗಳ ನಿಜವಾದ ಬಿಗಿ ಇರುವುದು ಮೂರು ಕಡೆ: ವರ್ಷಕ್ಕೆ ಎಷ್ಟು ಸಲ ಕರೆಯಬಹುದು, ಎಷ್ಟು ಕಿಲೋಮೀಟರಿನವರೆಗೆ ಉಚಿತವಾಗಿ ಎಳೆದೊಯ್ಯುತ್ತಾರೆ, ಯಾವ ಊರುಗಳವರೆಗೆ ಬರುತ್ತಾರೆ. ‘ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿನವರೆಗೆ’ ಎಂಬ ಮಾತು ಬೆಂಗಳೂರಿನಲ್ಲಿ ಐದಾರು ಕಿಲೋಮೀಟರು ಇರಬಹುದು. ಮಲೆನಾಡಿನ ಒಳರಸ್ತೆಯಲ್ಲಿ ಅದೇ ಮಾತು ಮಿತಿಯನ್ನು ದಾಟಿ, ಹೆಚ್ಚುವರಿ ಕಿಲೋಮೀಟರಿನ ಬಿಲ್ಲಾಗಿ ಕೈಗೆ ಬರಬಹುದು.

ಈ ಸೇವೆ ಬೇಕೆ ಎಂಬುದನ್ನು ವಾಹನಕ್ಕಿಂತ ಹೆಚ್ಚಾಗಿ ದಾರಿ ನಿರ್ಧರಿಸುತ್ತದೆ. ಮನೆಯಿಂದ ಕಚೇರಿಗೆ, ಮಾರುಕಟ್ಟೆಗೆ ಓಡಾಡುವ ಕಾರು ನಿಂತರೆ ಪಂಚರ್ ಅಂಗಡಿಯೋ ಪರಿಚಯದ ಗ್ಯಾರೇಜಿನ ಹುಡುಗನೋ ಸಿಗುತ್ತಾನೆ. ಗಾಡಿಯನ್ನು ಬದಿಗೆ ಹಚ್ಚಿ ಆಟೋದಲ್ಲಿ ಮನೆಗೆ ಹೋಗಬಹುದು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ಹೋಗುವವರ ಸ್ಥಿತಿ ಬೇರೆ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ಸಂಜೆ ಗಾಡಿ ನಿಂತರೆ ಒಂದು ಬದಿಗೆ ಕುಸಿಯುವ ಗುಡ್ಡ, ಇನ್ನೊಂದು ಬದಿಗೆ ಕಣಿವೆ, ಹಿಂದೆ ಲಾರಿಗಳ ಸಾಲು. ಚಾರ್ಮಾಡಿಯ ತಿರುವುಗಳಲ್ಲಿ ಮಂಜು ಕವಿದಾಗ ನಿಂತ ವಾಹನ ಹಿಂದಿನವರ ಕಣ್ಣಿಗೆ ಬೀಳುವುದೇ ಕಷ್ಟ. ಬಂಡೀಪುರದ ಕಾಡಿನೊಳಗೆ ಹಾಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ; ಸಂಜೆ ಎಂಟಕ್ಕೆ ಅಲ್ಲಿ ಗಾಡಿ ಕೈಕೊಟ್ಟರೆ ಕಾಯುವುದಕ್ಕೂ ಸಮಯವಿಲ್ಲ, ಇಳಿದು ನಡೆಯುವುದಕ್ಕೂ ಧೈರ್ಯವಿಲ್ಲ. ಇಂಥ ದಾರಿಗಳಲ್ಲಿ ವಯಸ್ಸಾದ ತಂದೆತಾಯಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ, ಒಂಟಿಯಾಗಿ ಓಡಿಸುವವರಿಗೆ ಈ ಸೇವೆ ಬೇಕೇ ಬೇಕು. ಆದರೆ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಯಾವ ಯೋಜನೆಯೂ ಕೆಲಸಕ್ಕೆ ಬಾರದು. ಕರೆ ಹೋದರೂ ಮೆಕ್ಯಾನಿಕ್ ಘಾಟಿ ಹತ್ತಿ ಬರಲು ಗಂಟೆಗಳೇ ಹಿಡಿಯಬಹುದು.

ಬರೀ ಹಣದ ಲೆಕ್ಕ ಸರಳವಾಗಿದೆ. ಶುಲ್ಕ ವರ್ಷಕ್ಕೆ ₹600, ಒಂದು ಸಲ ಎಳೆದೊಯ್ಯಲು ₹4,000 ಎಂದಿಟ್ಟುಕೊಂಡರೆ, ಆರೇಳು ವರ್ಷಕ್ಕೊಮ್ಮೆಯಾದರೂ ಟೋಯಿಂಗ್ ಬೇಕಾಗುವವರಿಗೆ ಮಾತ್ರ ಹಾಕಿದ ದುಡ್ಡು ಹುಟ್ಟುತ್ತದೆ. ನಾಲ್ಕು ಸಾವಿರವನ್ನು ಕೈಯಿಂದ ಕೊಡಬಲ್ಲವರು ಈ ಲೆಕ್ಕದ ಮೇಲೆ ಯೋಜನೆ ಕೊಳ್ಳಬೇಕಾಗಿಲ್ಲ. ವಿಮೆ ಬೇಕಾಗುವುದು ತಡೆದುಕೊಳ್ಳಲಾಗದ ನಷ್ಟಕ್ಕೆ. ಟೋಯಿಂಗ್ ಬಿಲ್ಲು ಮನೆ ಮುಳುಗಿಸುವ ನಷ್ಟವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ, ಗುರುತು ಪರಿಚಯವಿಲ್ಲದ ಊರಿನಲ್ಲಿ ಯಾರಿಗೆ ಫೋನು ಮಾಡಬೇಕೆಂಬ ಪ್ರಶ್ನೆಗೆ ಸಿದ್ಧ ಉತ್ತರವಿರುವುದು, ಸಿಕ್ಕಿಬಿದ್ದವರಿಂದ ಬಾಯಿಗೆ ಬಂದಷ್ಟು ದರ ಕೀಳುವವರ ಕೈಗೆ ಬೀಳದಿರುವುದು: ಈ ಎರಡಕ್ಕೇ ಶುಲ್ಕ ಕೊಡುತ್ತಿದ್ದೇವೆಂದು ತಿಳಿದು ಕೊಟ್ಟರೆ ತೀರ್ಮಾನ ಸುಲಭವಾಗುತ್ತದೆ. ಈ ಸೇವೆ ಬಳಸಿಕೊಂಡರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್‌ಗೆ ಧಕ್ಕೆ ಬರುವುದಿಲ್ಲ ಎಂಬುದೂ ಗಮನಿಸಬೇಕಾದ್ದು.

ದುಡ್ಡು ಕೊಡುವ ಮೊದಲು ಈಗಾಗಲೇ ಏನಿದೆ ಎಂದು ನೋಡಬೇಕು. ಹೊಸ ವಾಹನಕ್ಕೆ ವಾರಂಟಿಯ ಅವಧಿಯಲ್ಲಿ ತಯಾರಕರೇ ಈ ಸೇವೆ ಕೊಟ್ಟಿರುವುದು ಸಾಮಾನ್ಯ. ಕೆಲವು ಕ್ರೆಡಿಟ್ ಕಾರ್ಡುಗಳಲ್ಲೂ ಇರುತ್ತದೆ. ಇದು ತಿಳಿಯದೆ ಏಜೆಂಟರು ಸೇರಿಸಿದ ಆಡ್-ಆನ್‌ಗೂ ದುಡ್ಡು ಕಟ್ಟುವವರು ಒಂದೇ ಸೇವೆಯನ್ನು ಎರಡು ಸಲ ಕೊಂಡಂತಾಗುತ್ತದೆ. ಹಳೆಯ ವಾಹನದವರ ಕಷ್ಟ ಇದಕ್ಕೆ ತಿರುಗುಮುರುಗು. ಹೆಚ್ಚು ಕೆಡುವುದು ಅವರ ಗಾಡಿಯೇ. ಆದರೆ ಖರ್ಚು ಉಳಿಸಲು ಥರ್ಡ್ ಪಾರ್ಟಿ ಪಾಲಿಸಿಯನ್ನಷ್ಟೇ ಇಟ್ಟುಕೊಂಡವರಿಗೆ ಈ ಆಡ್-ಆನ್ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥವರು ವಾಹನ ಸಂಘಗಳಿಂದಲೋ ಖಾಸಗಿ ಸೇವಾ ಕಂಪನಿಗಳಿಂದಲೋ ಪ್ರತ್ಯೇಕವಾಗಿ ಕೊಳ್ಳಬೇಕು. ಅಲ್ಲಿಯೂ ವಾಹನದ ವಯಸ್ಸಿನ ಮಿತಿ ಕೇಳಿಕೊಳ್ಳಬೇಕು.

ವಾಹನಗಳು ಬದಲಾದಂತೆ ಸ್ವಂತ ಕೈಯಲ್ಲಿ ಆಗುವ ಕೆಲಸ ಕಡಿಮೆಯಾಗುತ್ತಿದೆ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿದೆ. ಕಿಟ್ಟಿನಿಂದ ಸಣ್ಣ ತೂತು ಮುಚ್ಚಬಹುದು, ಟೈರಿನ ಬದಿ ಸೀಳಿದರೆ ಮುಚ್ಚಲಾಗದು. ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆದರೆ ಚಕ್ರದೊಂದಿಗೆ ಮೋಟಾರೂ ತಿರುಗಿ ಹಾನಿಯಾಗಬಹುದು, ಆದ್ದರಿಂದ ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಬೇಕು. ಬಹುತೇಕ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೂ ಹೀಗೆ ಒಯ್ಯುವುದೇ ಸುರಕ್ಷಿತ. ಇಂಥ ವಾಹನವುಳ್ಳವರು ಯೋಜನೆಯಲ್ಲಿ ಫ್ಲ್ಯಾಟ್‌ಬೆಡ್ ಎಂದು ಬರೆದಿದೆಯೇ ಎಂದು ನೋಡಿಯೇ ಸಹಿ ಹಾಕಬೇಕು.

ಶಹರದೊಳಗೆ ಮಾತ್ರ ಓಡುವ, ವಾರಂಟಿಯಲ್ಲಿರುವ ವಾಹನಕ್ಕೆ ಪ್ರತ್ಯೇಕ ಯೋಜನೆ ಅನಗತ್ಯ. ವಾರಂಟಿ ಮುಗಿದ, ಜಿಲ್ಲೆ ದಾಟಿ ಹೋಗುವ ವಾಹನಕ್ಕೆ ಕೊಳ್ಳುವುದು ಒಳ್ಳೆಯದು. ಕೊಂಡರೂ ಕೊಳ್ಳದಿದ್ದರೂ ಗಾಡಿಯಲ್ಲಿ ಜಾಕ್, ಜಂಪರ್ ಕೇಬಲ್, ಟಾರ್ಚು, ಪ್ರತಿಫಲಿಸುವ ಕೆಂಪು ತ್ರಿಕೋನ ಇರಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿಗೆ ಹಗಲಿರುಳೂ ಕರೆ ಮಾಡಬಹುದು, ಪ್ರಾಣಾಪಾಯದ ಸಂದರ್ಭದಲ್ಲಿ 112ಕ್ಕೆ. ಈ ಎರಡಕ್ಕೂ ಯಾವ ಚಂದಾ ಕಟ್ಟಬೇಕಾಗಿಲ್ಲ.