ಹಾಗ, ವೀಸ, ಕಾಣಿ

ಹಣ, ದುಡ್ಡು, ಕಾಸು – ಇವು ನಾವು ದಿನವೂ ಬಳಸುವ ಮೂರು ಮಾತುಗಳು. ಈ ಮೂರೂ ಒಂದು ಕಾಲದಲ್ಲಿ ಪುಟ್ಟ ನಾಣ್ಯಗಳ ಹೆಸರುಗಳಾಗಿದ್ದವು ಎಂಬುದು ಕೌತುಕದ ಸಂಗತಿ. ‘ಪಣ’ವೇ ಮುಂದೆ ‘ಹಣ’ವಾಯಿತು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಕಂಠೀರಾಯಿ ಹಣವು ಚಿನ್ನದ್ದೇ ಆದರೂ ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಮಾತ್ರ ತೂಗುತ್ತಿತ್ತು. ಕೈಜಾರಿ ನೆಲಕ್ಕೆ ಬಿದ್ದರೆ ದೀಪ ಹಿಡಿದು ಹುಡುಕಬೇಕು. ದುಡ್ಡು, ಕಾಸುಗಳಾದರೋ ತಾಮ್ರದವು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ಯಾಶ್’ ಎಂದೂ ಅಚ್ಚಾಗಿದೆ. ಪೋರ್ಚುಗೀಸರ ಬಾಯಲ್ಲಿ ಹೊರಳಿ ಇಂಗ್ಲಿಷಿಗೆ ಸೇರಿದ ನಮ್ಮ ಕಾಸೇ ಅದು. (ಬ್ಯಾಂಕಿನ ‘ಕ್ಯಾಶ್’ ಬೇರೆ ಮೂಲದ್ದು. ಎರಡೂ ಒಂದೇ ಎಂದು ಸಾಧಿಸುವವರನ್ನು ನಂಬಬೇಡಿ!)

ಹಣಕ್ಕಿಂತಲೂ ಕೆಳಗೆ ಇಳಿಯಲು ನಮ್ಮ ಪೂರ್ವಿಕರಲ್ಲಿ ಮೆಟ್ಟಿಲುಗಳಿದ್ದವು. ಹಣದ ಕಾಲುಭಾಗ ಹಾಗ, ಹಾಗದ ಕಾಲುಭಾಗ ವೀಸ, ವೀಸದ ಕಾಲುಭಾಗ ಕಾಣಿ. ಅಂದರೆ ಕಾಣಿಯು ಇಡಿಯ ಅರವತ್ತನಾಲ್ಕನೆಯ ಒಂದು ಭಾಗ. ಹತ್ತನ್ನು ಬಿಟ್ಟು ನಾಲ್ಕನ್ನೇಕೆ ಹಿಡಿದರು? ತಕ್ಕಡಿಯನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಬೇರೆ ಬಟ್ಟೇ ಇಲ್ಲದೆ ತಕ್ಕಡಿಯಿಂದ ಮಾಡಬಹುದಾದ ಭಾಗವೊಂದೇ, ಎರಡು ತಟ್ಟೆಗೂ ಸಮನಾಗಿ ಹಂಚಿ ಅರ್ಧ ಮಾಡುವುದು. ಅರ್ಧದ ಅರ್ಧ ಕಾಲು. ಹೀಗೆ ಆರು ಬಾರಿ ಮಾಡಿದರೆ ಕಾಣಿ ದೊರೆಯುತ್ತದೆ. ಹತ್ತು ಸಮಪಾಲು ಮಾಡಿ ನೋಡಿ, ಕಷ್ಟ ತಿಳಿಯುತ್ತದೆ. ಕೂಲಿಮಠದ ಮಕ್ಕಳು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಉರು ಹೊಡೆಯುತ್ತಿದ್ದುದೂ ಈ ಲೆಕ್ಕಕ್ಕಾಗಿಯೇ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದದ್ದು ಇಂಥ ವ್ಯವಹಾರದ ನಾಡಿನಲ್ಲಿ.

ಶಾಸನಗಳಲ್ಲಿ ಈ ಸಣ್ಣ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅರಸನ ದಾನ ಊರುಗಳ ಲೆಕ್ಕದಲ್ಲಿ. ಗಾಣಿಗನದು ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ವರ್ತಕನದು ಹೇರಿಗೆ ಇಷ್ಟು ವೀಸ. ಕಲ್ಲು ಮಾತ್ರ ಎರಡನ್ನೂ ಒಂದೇ ಆಳಕ್ಕೆ ಕೊರೆದು ಉಳಿಸಿದೆ. ಚಿಕ್ಕ ಅಳತೆಗೆ ಹೆಸರಿಲ್ಲದಿದ್ದರೆ ಚಿಕ್ಕವನ ದಾನಕ್ಕೆ ಅಲ್ಲಿ ಸ್ಥಳವೆಲ್ಲಿರುತ್ತಿತ್ತು?

ತೂಕದಲ್ಲಿ ಇನ್ನೂ ಸೂಕ್ಷ್ಮಕ್ಕೆ ಹೋದವರುಂಟು. ಮನುಸ್ಮೃತಿಯ ಎಂಟನೆಯ ಅಧ್ಯಾಯದ ಪ್ರಕಾರ, ಗವಾಕ್ಷಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ ‘ತ್ರಸರೇಣು’. ಅಂಥ ಎಂಟು ಸೇರಿದರೆ ಒಂದು ಲಿಕ್ಷಾ, ಅಂದರೆ ತಲೆಯ ಸೀರು! ಮೂರು ಸೀರಿಗೆ ಒಂದು ಕರಿಸಾಸಿವೆ, ಮೂರು ಕರಿಸಾಸಿವೆಗೆ ಒಂದು ಬಿಳಿಸಾಸಿವೆ, ಆರು ಬಿಳಿಸಾಸಿವೆಗೆ ಒಂದು ಜವೆ, ಮೂರು ಜವೆಗೆ ಒಂದು ಕೃಷ್ಣಲ. ಕೃಷ್ಣಲವೆಂದರೆ ನಮ್ಮ ಗುಲಗಂಜಿ. ಗುಣಿಸಿದರೆ ಒಂದು ಗುಲಗಂಜಿಗೆ 1296 ಧೂಳಿನ ಕಣ. ಯಾರೂ ಧೂಳನ್ನು ತೂಗಿ ನೋಡಿರಲಾರರು. ಆದರೆ ಗುಲಗಂಜಿ ನಿಜವಾದ ಬಟ್ಟು. ತೊಂಬತ್ತಾರಕ್ಕೆ ಒಂದು ತೊಲದ ಲೆಕ್ಕದಲ್ಲಿ ಅದರ ತೂಕ ಸುಮಾರು 0.12 ಗ್ರಾಂ. ಬೇಲಿಯಲ್ಲಿ ಬೆಳೆವ ಬೀಜಗಳೆಲ್ಲ ಒಂದೇ ತೂಕದವಲ್ಲವಾದ್ದರಿಂದ, ಬೀಜವನ್ನು ಆರಿಸಿದವನ ಪ್ರಾಮಾಣಿಕತೆಯೂ ತಕ್ಕಡಿಯಲ್ಲಿ ಕುಳಿತಿರುತ್ತಿತ್ತು. (ಮೊಮ್ಮಕ್ಕಳಿರುವವರು ಗಮನಿಸಿ, ಆ ಚೆಂದದ ಬೀಜ ಘೋರ ವಿಷ.)

ಸಣ್ಣ ಮೊತ್ತಗಳ ಅಳಿವಿನಿಂದ ನಷ್ಟ ಯಾರಿಗೆ ಎಂಬುದಕ್ಕೆ 1957ರ ಏಪ್ರಿಲ್ 1ರಂದು ಬಂದ ನಯಾ ಪೈಸೆಯೇ ಉದಾಹರಣೆ. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಅದುವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಹೊಸ ಲೆಕ್ಕದಲ್ಲಿ ಹಳೆಯ ಒಂದು ಪೈಸೆಗೆ 1.56 ನಯಾ ಪೈಸೆ. ಅರೆಬರೆ ನಾಣ್ಯ ಉಂಟೇ? ಸಮೀಪದ ಪೂರ್ಣಾಂಕವೆಂದು ಎರಡನ್ನು ತೆರಬೇಕಾಯಿತು. ರೂಪಾಯಿ ಕೊಟ್ಟು ಒಮ್ಮೆಗೇ ಕೊಳ್ಳುವವನಿಗೆ ಏನೂ ವ್ಯತ್ಯಾಸವಿಲ್ಲ. ಪೈಸೆ ಪೈಸೆಯ ಎಲೆಯಡಿಕೆಯನ್ನು ಅರವತ್ತನಾಲ್ಕು ಬಾರಿ ಕೊಂಡವನು ಮಾತ್ರ ನೂರರ ಬದಲು 128 ನಯಾ ಪೈಸೆ ತೆತ್ತಂತಾಯಿತು. ದಶಮಾನ ಪದ್ಧತಿಯನ್ನು ನಾನು ಮುಂದೆ ಸಂತೋಷದಿಂದಲೇ ಕಲಿಸಿದೆ; ಲೆಕ್ಕ ಸುಲಭವಾದದ್ದು ದಿಟ. ಆದರೆ ಈ ಇಪ್ಪತ್ತೆಂಟು ಪೈಸೆಯ ಮಾತನ್ನು ಪಠ್ಯಪುಸ್ತಕದಲ್ಲಿ ನಾನು ಕಾಣಲಿಲ್ಲ.

2011ರ ಜೂನ್ 30ಕ್ಕೆ ನಾಲ್ಕಾಣೆಯ ನಾಣ್ಯವೂ ಚಲಾವಣೆ ಕಳೆದುಕೊಂಡಿತು. ಬಿಡಿಗಾಸು, ಚಿಕ್ಕಾಸು, ಎಳ್ಳಷ್ಟು, ಗುಲಗಂಜಿಯಷ್ಟು ಎಂಬ ಮಾತುಗಳು ಮಾತ್ರ ನಡೆಯುತ್ತಿವೆ, ಅದೂ ಹೆಚ್ಚಾಗಿ ‘ಇಲ್ಲ’ ಎಂಬುದರ ಜೊತೆಯಲ್ಲಿ. ಅಡುಗೆಮನೆಯ ಚಿಟಿಕೆಯೊಂದೇ ಇನ್ನೂ ನಿಜವಾದ ಅಳತೆಯಾಗಿ ಉಳಿದಿದೆ. ನಿಮ್ಮ ಮನೆಯ ಹಿರಿಯರು ಬಳಸುವ ಇಂಥ ಬೇರೆ ಮಾತುಗಳಿದ್ದರೆ ನನಗೆ ಬರೆದು ತಿಳಿಸಿ.